ಕಾಕು ಹೇಳದ ಹೆಸರು

ಕಳೆದ ವಾರ ಜಲನಗರದ ನಮ್ಮ ಮನೆಯ ಮಾಳಿಗೆಯ ಮೇಲೆ ಹಳೆಯ ಕಂಬಳಿಯೊಂದನ್ನು ಬಿಸಿಲಿಗೆ ಹಾಕಿದ್ದರು. ನಡುವೆ ಒಂದು ಮಳೆ ಬಂದು ಹೋಯಿತು. ಮೊಮ್ಮಗಳು ಓಡಿಹೋಗಿ ಅದನ್ನು ಎತ್ತಿಕೊಂಡು ಬಂದು ನನ್ನ ಕುರ್ಚಿಯ ಪಕ್ಕ ಹಾಕಿದಳು. ಅರ್ಧ ನೆಂದ ಕರಿ ಕಂಬಳಿಯ ವಾಸನೆ ಎಲ್ಲರಿಗೂ ಹಿಡಿಸುವಂಥದ್ದಲ್ಲ. ಕುರಿಯ ಮೈ, ಒಲೆಯ ಹೊಗೆ, ಹಳೆಯ ಬೆವರು ಎಲ್ಲ ಕೂಡಿದ ವಾಸನೆ. "ಹೊರಗ ಇಡ್ಲೇನಜ್ಜಿ?" ಎಂದಳು. ಬೇಡವೆಂದೆ. ಜೋರಾಪುರ ಪೇಟೆಯಲ್ಲಿ ನಮ್ಮ ಗೋಡೆಯಾಚೆಯ ಮನೆಯ ಪಡಸಾಲೆಯಲ್ಲಿ ಇಂಥದೇ ಒಂದು ಕಂಬಳಿ ಹಾಸಿರುತ್ತಿತ್ತು. ಅದರ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕಾಕು ಕೂತಿರುತ್ತಿದ್ದಳು...

ಓಣಿಯವರೆಲ್ಲ ಅವಳನ್ನು ಚಿಕ್ಕಮ್ಮನ ಲೆಕ್ಕದಲ್ಲಿ ಕಾಕು ಎಂದೇ ಕರೆಯುತ್ತಿದ್ದೆವು. ನಾನು ಅರಕೇರಿಯಿಂದ ಆ ಓಣಿಗೆ ಸೊಸೆಯಾಗಿ ಬರುವ ಎಷ್ಟೋ ಮೊದಲೇ ಅವಳು ಒಬ್ಬಳೇ ಬಂದು, ಮುದಿ ಸೋದರತ್ತೆಯ ಜೊತೆ ಇದ್ದಳು. ಸೋದರತ್ತೆ ತೀರಿಕೊಂಡ ಮೇಲೆ ಆ ಎರಡು ಕೋಣೆಯ ಮನೆ ಅವಳದೇ ಆಯಿತು. ಗಂಡನ ಮನೆ ಹೊಳೆಯಾಚೆಯ ಒಂದು ಹಳ್ಳಿ ಎಂದು ಗೊತ್ತಿತ್ತೇ ಹೊರತು ಗಂಡ ಏನಾದ ಎಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಹಣೆಯ ಮೇಲೆ ವಿಭೂತಿಯೂ ಇತ್ತು, ಕುಂಕುಮವೂ ಇತ್ತು. ಕೇಳಿದವರಿಗೆ "ಯಾತ್ರಾಕ್ಕ ಹೋಗ್ಯಾರ" ಅನ್ನುತ್ತಿದ್ದಳು. ಹನ್ನೆರಡು ವರ್ಷದ ಯಾತ್ರೆ ಎಲ್ಲಿಯದು ಎಂದು ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಅದು ಸ್ವಾತಂತ್ರ್ಯಕ್ಕೆ ಮುಂಚಿನ ಮಹಾಯುದ್ಧ ನಡೆದಿದ್ದ ಕಾಲ. ಎಂಟು ತಿಂಗಳ ನನ್ನ ಮಗಳು ಮೂರು ದಿನದ ಜ್ವರದಲ್ಲಿ ಹೋದಳು. ಅತ್ತು ಮುಗಿದ ಮೇಲೆ ನನಗೆ ಬೇರೆಯೇ ಒಂದು ಕಾಟ ಶುರುವಾಯಿತು. ಉಸಿರು ಎದೆಯ ಅರ್ಧಕ್ಕೆ ಬಂದು ನಿಂತುಬಿಡುತ್ತಿತ್ತು. ರೊಟ್ಟಿ ಬಡಿಯುತ್ತಿದ್ದವಳು ಹಾಗೇ ಬಾಯಿ ತೆರೆದು ನಿಲ್ಲುತ್ತಿದ್ದೆ. ಹಂಚಿನ ಮೇಲಿನ ರೊಟ್ಟಿ ಕರಿಯಾಗುತ್ತಿತ್ತು. ತಾಯಿತ ಕಟ್ಟಿಸಿದರು, ಕಷಾಯ ಕುಡಿಸಿದರು. ಕೊನೆಗೆ ಒಂದು ಮಧ್ಯಾಹ್ನ ಅತ್ತೆ ನನ್ನ ಕೈ ಹಿಡಿದು ಗೋಡೆಯಾಚೆಗೆ ಕರೆದುಕೊಂಡು ಹೋದರು.

"ಕಾಕು, ಇಕೀಗಿ ಉಸರು ಆಡವಲ್ದು ನೋಡಬೇ. ನಿನಗ ಏನರ ಗೊತ್ತಿದ್ರ ಮಾಡು."

ಕಾಕು ನನ್ನನ್ನು ಕಂಬಳಿಯ ಮೇಲೆ ತನ್ನೆದುರು ಕೂಡಿಸಿಕೊಂಡಳು. ಮಗಳ ಮಾತು ಎತ್ತಲಿಲ್ಲ, ಸಮಾಧಾನ ಹೇಳಲಿಲ್ಲ. ನನ್ನ ಅಂಗೈಯನ್ನು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡು ಉಸಿರು ಎಳೆದಳು. ಆಮೇಲೆ 'ನಮಃ' ಎಂದು ನಿಲ್ಲಿಸಿದಳು. ಹೆಬ್ಬೆರಳಿನಿಂದ ಕಿರುಬೆರಳಿನ ಮೂರು ಗೆಣ್ಣು ಎಣಿಸುವಷ್ಟು ಹೊತ್ತು ಏನೂ ಇಲ್ಲ, ಆಮೇಲೆ 'ಶಿವಾಯ'. ಕೊನೆಯ ಅಕ್ಷರವನ್ನು ಬಾಯಿ ಮುಚ್ಚಿಕೊಂಡು ಗಂಟಲೊಳಗೆ ಇಳಿಸುತ್ತಿದ್ದಳು, ದುಂಬಿ ದೂರ ಹೋದಂತೆ. ನಮಃ ಶಿವಾಯ ಅನ್ನುವವರನ್ನು ಹುಟ್ಟಿದಾಗಿನಿಂದ ಕೇಳಿದ್ದೆ. ನಡುವೆ ಹೀಗೆ ನಿಲ್ಲುವವರನ್ನು, ಕೊನೆಗೆ ಹೀಗೆ ಇಳಿಸುವವರನ್ನು ಕೇಳಿರಲಿಲ್ಲ. ಆರೇಳು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ನನ್ನ ಉಸಿರು ಪೂರ್ತಿ ಒಳಗೆ ಹೋಯಿತು. ಕಾಕುವಿನ ತೊಡೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

"ಯಾರ ಕಡೆ ಕಲತಿ ಕಾಕು?" ಎಂದು ಒಮ್ಮೆ ಕೇಳಿದ್ದೆ.

"ನಮ್ಮ ಮನಿಯವ್ರು ನಸುಕಿನ್ಯಾಗ ಕುಂಡ್ರತಿದ್ರು. ನಾ ಒಳಗ ಬೀಸಾಕತ್ತಿರ್ತಿದ್ದೆ. ಬೀಸೋಕಲ್ಲಿನ ಸಪ್ಪಳದಾಗ ಎಷ್ಟು ಕೇಳ್ತಿತ್ತೋ ಅಷ್ಟು ಕಲತೀನಿ." ಆಮೇಲೆ ಅಂದಳು, "ಒಂದಿನ ಬೀಸೂದು ಮುಗಿಸಿ ಹೊರಗ ಬಂದ್ರ ಬರೇ ಕಂಬಳಿ ಇತ್ತು."

ನನ್ನ ಸಂಗತಿ ಓಣಿಯಲ್ಲಿ ಹರಡಿತು. ಗಂಡಸರು ಅಂಗಡಿಗೆ, ಹೊಲಕ್ಕೆ ಹೋದ ಹೊತ್ತಿನಲ್ಲಿ ಒಬ್ಬೊಬ್ಬರಾಗಿ ಹೆಂಗಸರು ಬರತೊಡಗಿದರು. ನಿದ್ದೆ ಬಾರದವರು, ಮೈಮೇಲೆ ದೇವರು ಬರುತ್ತದೆಂದು ಹೆದರಿದವರು, ಸುಮ್ಮನೆ ಒಂದು ಗಳಿಗೆ ಮನೆಯಿಂದ ಹೊರಗೆ ಇರಬೇಕೆಂದವರು. ವರ್ಷ ತುಂಬುವುದರೊಳಗೆ ಹದಿನಾರು ಜನವಾದೆವು. ಜಪ ಮುಗಿದ ಮೇಲೆ ಒಂದೆರಡು ಭಜನೆ. ನನ್ನ ಅತ್ತೆಯೇ ತಾಳ ಹಾಕುತ್ತಿದ್ದರು.

ಆಮೇಲೆ ನಮ್ಮ ಜೊತೆ ಕೂಡುತ್ತಿದ್ದ ಬಣಗಾರರ ಮನೆಯ ಸೊಸೆಗೆ ಬಸಿರು ಇಳಿಯಿತು. ಅವಳಿಗೆ ಹದಿನೈದು ದಿನದಿಂದ ಚಳಿಜ್ವರ ಇತ್ತು. ಕಾಕು ಅವಳಿಗೆ ಉಸಿರು ಕಟ್ಟಬೇಡ, ಬರೇ ಕೂತು ಕೇಳು ಎಂದು ಹೇಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೆ. ಆದರೆ ಅವಳ ಅತ್ತೆ ಕಾಕುವಿನ ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಕೂಗಿದಳು: "ಉಸರು ಕಟ್ಟೂದು ಕಲಿಸಿ ನನ್ನ ಮನಿ ಕೂಸು ತಿಂದಾಳ ಈಕಿ!"

ಅದೇ ದಿನಗಳಲ್ಲಿ ಟಿಕೋಟಾಕ್ಕೆ ಒಬ್ಬ ಸ್ವಾಮಿಗಳು ಬಂದು ನೆಲೆಸಿದ್ದರು. ಹಿಮಾಲಯದಲ್ಲಿ ತಪಸ್ಸು ಮಾಡಿದವರು, ಬಾಲ್ಯದಿಂದಲೂ ಬ್ರಹ್ಮಚಾರಿಗಳು, ಯೋಗ ಬಲ್ಲವರು ಎಂದು ದೊಡ್ಡ ಹೆಸರಾಗಿತ್ತು. ಇದನ್ನು ಅವರೇ ತೀರ್ಮಾನ ಮಾಡಲಿ ಎಂದು ಓಣಿಯ ಹಿರಿಯರು ಹೇಳಿದರು. ಕಾಕು ಹೂಂ ಎಂದಳು. ಯೋಗ ಬಲ್ಲವರಾದರೆ ತಾನು ತಪ್ಪು ಕಲಿಸಿಲ್ಲವೆಂದು ಅವರಿಗೆ ತಿಳಿಯುತ್ತದೆ ಎಂಬ ಭರವಸೆ ಅವಳಿಗೆ ಇತ್ತು.

ಬೆಳಿಗ್ಗೆ ಎರಡು ಚಕ್ಕಡಿ ಕಟ್ಟಿಕೊಂಡು ಹೋದೆವು. ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು. ಹಂದರದ ಕೆಳಗೆ ಇನ್ನೂರು ಜನರಾದರೂ ಕಣ್ಣು ಮುಚ್ಚಿ ಕೂತಿದ್ದರು. ನಾವು ಹಿಂದಿನ ಸಾಲಿನಲ್ಲಿ ಕೂತೆವು. ಮುಂದೆ ಕೂತ ಜನರ ತಲೆಯ ಪಟಕಾಗಳ ನಡುವೆ ನನಗೆ ಸ್ವಾಮಿಗಳ ಬಿಳಿ ಗಡ್ಡ ಮಾತ್ರ ಕಾಣುತ್ತಿತ್ತು. ಅವರು ಜಪ ಶುರು ಮಾಡಿದರು.

ನಮಃ... ಮೂರು ಗೆಣ್ಣಿನಷ್ಟು ಮೌನ. ಶಿವಾಯ... ಗಂಟಲೊಳಗೆ ಇಳಿದ ಕೊನೆಯ ಅಕ್ಷರ.

ನಾನು ತಿರುಗಿ ನೋಡುವ ಮೊದಲೇ ಕಾಕು ನನ್ನ ಮುಂಗೈ ಹಿಡಿದಳು. ಬಳೆ ಒಡೆದು ಚುಚ್ಚಿತು. ಅವಳ ಮುಖ ಬಾಡಿರಲಿಲ್ಲ, ಅಳುವೂ ಇರಲಿಲ್ಲ. ಎಷ್ಟೋ ದಿನದ ಮೇಲೆ ಊರಿನ ಅಗಸೆಬಾಗಿಲು ಕಂಡವರ ಮುಖದಂತೆ ಇತ್ತು ಅದು. ತುಟಿಗಳು ಅವರ ಜೊತೆಗೇ ಆಡುತ್ತಿದ್ದವು.

ಜಪ ಮುಗಿದ ಮೇಲೆ ಹಿರಿಯರೊಬ್ಬರು ಎದ್ದು ಸಂಗತಿ ಹೇಳಿದರು. ಕಾಕುವನ್ನು ಮುಂದೆ ಕರೆದರು. ನಾನೂ ಜೊತೆಗೆ ಹೋಗಿ ಎರಡು ಹೆಜ್ಜೆ ಹಿಂದೆ ನಿಂತೆ. ಅವಳು ಸೆರಗು ಸರಿಸಿ ಮುಖ ಎತ್ತಿದಳು. ಸ್ವಾಮಿಗಳ ಕೈಯಲ್ಲಿ ಜಪಮಣಿ ಉರುಳುತ್ತಿತ್ತು, ನಿಂತಿತು. ಅಷ್ಟು ಹತ್ತಿರದಿಂದ ನೋಡಿದವಳು ನಾನೊಬ್ಬಳೇ ಇರಬೇಕು.

"ಯವ್ವಾ, ನಿನಗ ಈ ವಿದ್ಯಾ ಕೊಟ್ಟಾವ್ರು ಯಾರು?" ಎಂದು ಕೇಳಿದರು.

ಕಾಕು ಅವರನ್ನೇ ನೋಡುತ್ತಿದ್ದಳು. 'ನೀವೇ' ಎಂಬ ಎರಡಕ್ಷರ ಸಾಕಾಗಿತ್ತು.

"ಯಾರೂ ಇಲ್ರಿ," ಎಂದಳು.

ಸ್ವಾಮಿಗಳು ಕಣ್ಣು ಕೆಳಗೆ ಹಾಕಿದರು. ಗುರುವಿಲ್ಲದೆ ಕಲಿತದ್ದನ್ನು ಇನ್ನೊಬ್ಬರಿಗೆ ಕಲಿಸುವುದು ದೋಷ, ಇವತ್ತಿನಿಂದ ಬಿಟ್ಟುಬಿಡಬೇಕು ಎಂದರು. ದನಿ ಸಣ್ಣದಾಗಿತ್ತು. ಹಿಂದೆ ಕೂತವರಿಗೆ ಕೇಳಿಸದೆ ಹಿರಿಯರು ಅದನ್ನೇ ಮತ್ತೊಮ್ಮೆ ಗಟ್ಟಿಯಾಗಿ ಹೇಳಬೇಕಾಯಿತು.

ತಿರುಗಿ ಬರುವಾಗ ಚಕ್ಕಡಿಯ ಹಿಂದೆ ಕಾಲು ಇಳಿಬಿಟ್ಟುಕೊಂಡು ನಾವಿಬ್ಬರೇ ಕೂತಿದ್ದೆವು. "ಯಾಕ ಹೇಳಲಿಲ್ಲ ಕಾಕು?" ಎಂದು ಪಿಸುಗುಟ್ಟಿದೆ.

"ಅಷ್ಟು ಮಂದಿ ಅವರನ್ನ ನಂಬಿ ಕಣ್ಣು ಮುಚ್ಚಿ ಕುಂತಿದ್ರಲ್ಲ. ಅವರೊಳಗೂ ನಿನ್ನಂಥಾವ್ರು ಎಷ್ಟು ಮಂದಿ ಇದ್ರೋ. ನಾ ಹೇಳಿದ್ರ ಅವರ ಉಸರು ಎಲ್ಲಿ ಹೋಗಿ ನಿಂದ್ರತಿತ್ತು?" ಆಮೇಲೆ, "ನೀನೂ ಹೇಳಬ್ಯಾಡ" ಎಂದಳು.

ಆ ಮಾತು ನನಗೆ ಎಷ್ಟು ಅನುಕೂಲವಾಯಿತು ಎಂದು ಇವತ್ತು ಬರೆಯಬೇಕು. ಅವಳೇ ಬೇಡವೆಂದಳಲ್ಲ ಎಂದುಕೊಂಡೆ. ಸ್ವಾಮಿಗಳ ಗುಟ್ಟು ಮುಚ್ಚಿಟ್ಟರೆ ಸಾಕಿತ್ತು. ಬಣಗಾರರ ಸೊಸೆಗೆ ಕಾಕು ಹೇಳಿದ್ದೇನೆಂಬುದನ್ನಾದರೂ ನಾನು ಹೇಳಬಹುದಿತ್ತು, ಅದನ್ನೂ ಹೇಳಲಿಲ್ಲ. ಹದಿನಾರು ಜನರಲ್ಲಿ ಒಬ್ಬರೂ ಮರುದಿನ ಹೋಗಲಿಲ್ಲ. ಅತ್ತೆ ತಾಳವನ್ನು ಗೋಡೆಯ ಮಾಡದಲ್ಲಿಟ್ಟರು. ನಾನು ಅಡುಗೆಮನೆಯಲ್ಲಿ ಕದ್ದು ಉಸಿರು ಎಳೆದುಕೊಳ್ಳುತ್ತಿದ್ದೆ, ಗೋಡೆಯಾಚೆಗೆ ಮಾತ್ರ ಹೋಗಲಿಲ್ಲ. ಎರಡು ತಿಂಗಳಿಗೆ ಕಾಕು ಮನೆಗೆ ಬೀಗ ಹಾಕಿ ಬಬಲೇಶ್ವರದ ಅಣ್ಣನ ಮನೆಗೆ ಹೋದಳು. ಹೋಗುವಾಗ ನಮ್ಮ ಬಾಗಿಲಲ್ಲಿ ನಿಂತು "ಬರ್ತೀನವಾ" ಎಂದಳು. ನಾನು ಕೈಯಲ್ಲಿ ಹಿಟ್ಟಿದೆ ಎಂಬ ನೆವ ಮಾಡಿ ಒಳಗೇ ಉಳಿದೆ.

ಸ್ವಾತಂತ್ರ್ಯ ಬಂದ ಮರುವರ್ಷ ನೆಂಟರ ಮದುವೆಗೆ ಬಬಲೇಶ್ವರಕ್ಕೆ ಹೋದಾಗ ಅವಳನ್ನು ಹುಡುಕಿಕೊಂಡು ಹೋದೆ. ಅಂಗಳದಲ್ಲಿ ಅಣ್ಣನ ಹೆಂಡತಿ ಜೋಳ ಹಸನು ಮಾಡುತ್ತಿದ್ದಳು. ಕಾಕು ಒಳಗೆ ಗೋಡೆಗೆ ಒರಗಿ ಕೂತಿದ್ದಳು. ಬೆನ್ನು ಬಾಗಿತ್ತು. ಈಗಲೂ ಜಪಕ್ಕೆ ಕೂಡುತ್ತೀಯೇನು ಎಂದು ಕೇಳಿದೆ.

"ಇಲ್ಲವಾ. ಬಾಯಿಗಿ ಬರವಲ್ದು. ನಮಃ ಅಂದು ನಿಂತೆ ಅಂದ್ರ, ಆ ನಡುವಿನ ಖಾಲಿಯೊಳಗ ಅವರು ಕೇಳಿದ್ದು ಕೇಳಸ್ತೈತಿ. ಕೊಟ್ಟಾವ್ರು ಯಾರು, ಕೊಟ್ಟಾವ್ರು ಯಾರು ಅಂತ... ಮುಂದ ಹ್ವಾಗಾಕ ಆಗೂದಿಲ್ಲ."

ಆಮೇಲೆ ನನ್ನ ಕೈ ಹಿಡಿದಳು. "ನೀ ಅನ್ನು. ನಾ ಕೇಳ್ತೀನಿ."

ನಾನು ಉಸಿರು ಎಳೆದುಕೊಂಡು 'ನಮಃ' ಎಂದೆ. ಅಂಗಳದಲ್ಲಿ ಮೊರದ ಸಪ್ಪಳ ನಿಂತಿತು. ಅಣ್ಣನ ಹೆಂಡತಿ ಬಾಗಿಲತ್ತ ಕತ್ತು ಚಾಚಿ ನೋಡುತ್ತಿದ್ದಳು. ನನಗೆ ಏನಾಯಿತೋ... ನಾಚಿಕೆಯೋ, ಹೆದರಿಕೆಯೋ. ಮದುವೆ ಮನೆಯಲ್ಲಿ ಹುಡುಕುತ್ತಿರುತ್ತಾರೆ ಎಂದು ಹೇಳಿ ಎದ್ದುಬಿಟ್ಟೆ. ಕಾಕು ಮುಚ್ಚಿದ ಕಣ್ಣು ತೆರೆಯದೆ ಕೂತೇ ಇದ್ದಳು, ನಾನು ಉಳಿದದ್ದನ್ನು ಅನ್ನುತ್ತೇನೆಂದು.

ಅವಳು ತೀರಿಕೊಂಡದ್ದು ನನಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ, ಸಂತೆಗೆ ಬಂದ ಬಬಲೇಶ್ವರದವರೊಬ್ಬರಿಂದ. ಯಾವ ದಿನ ಎಂದು ಕೇಳಿದರೆ ಅವರಿಗೂ ಗೊತ್ತಿರಲಿಲ್ಲ.

ಸ್ವಾಮಿಗಳು ಆಮೇಲೆ ಬಹಳ ವರ್ಷ ಬದುಕಿದ್ದರು. ಅವರ ಗದ್ದುಗೆಗೆ ಈಗಲೂ ಜನ ಹೋಗುತ್ತಾರೆ, ವರ್ಷಕ್ಕೊಮ್ಮೆ ಪುಣ್ಯತಿಥಿ ಮಾಡುತ್ತಾರೆ. ನಮ್ಮ ಮನೆಯಲ್ಲೂ ಅತ್ತೆಯ ದಿನ, ನನ್ನ ಯಜಮಾನರ ದಿನ ಬಂದರೆ ಎಡೆ ಇಡುತ್ತೇವೆ. ಎಂಟೇ ತಿಂಗಳು ಬದುಕಿದ ನನ್ನ ಮಗಳ ದಿನವೂ ನನಗೆ ನೆನಪಿದೆ. ಕಾಕುವಿಗೆ ಒಂದು ಎಡೆ ಇಡಬೇಕೆಂದರೆ ಯಾವ ದಿನ ಇಡಬೇಕೋ ನನಗೆ ಗೊತ್ತಿಲ್ಲ. ಕೇಳಲು ಆ ಮನೆಯವರೂ ಈಗ ಯಾರೂ ಉಳಿದಿಲ್ಲ.