ಕೈಗೆಟುಕದ ಬಾಣಲೆ

ಆ ಬೀದಿಗೆಲ್ಲ ಅವನು ಟೇಪಣ್ಣ. ಕೊರಳಿಂದ ಅಳತೆಯ ಟೇಪು ಇಳಿದದ್ದನ್ನು ಕಂಡವರೇ ಇಲ್ಲ. ಸ್ನಾನಕ್ಕೆ ಹೋಗುವಾಗಲಾದರೂ ತೆಗೀತೀಯೇನಯ್ಯಾ ಎಂದು ಪಕ್ಕದಂಗಡಿಯ ಎಲೆಕ್ಟ್ರಿಷಿಯನ್ನು ಛೇಡಿಸುತ್ತಿದ್ದ. ಹೊಲಿಗೆಯಲ್ಲಿ ಟೇಪಣ್ಣ ಎತ್ತಿದ ಕೈ. ಆದರೆ ಅವನು ಹೊಲಿದ ಅಂಗಿಗೆ ಕಾಜ ಹಾಕಿ, ಗುಂಡಿ ಹಚ್ಚಿ ಒಪ್ಪ ಮಾಡುತ್ತಿದ್ದವಳು ಹೆಂಡತಿ. ಆ ಕಾಜಕ್ಕೆಂದೇ ದೂರದಿಂದ ಹುಡುಕಿಕೊಂಡು ಬರುವ ಗಿರಾಕಿಗಳಿದ್ದರು.

ಮನೆ ಅಂಗಡಿಯ ಹಿಂದೆಯೇ. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೈಗೆ ಮೈ ತಾಗಬೇಕು. ಪಾತ್ರೆಗಳೆಲ್ಲ ಒಲೆಕಟ್ಟೆಯ ಕೆಳಗೆ ಒಂದರೊಳಗೊಂದು. ಬೇಕಾದ ಬಾಣಲೆ ಯಾವಾಗಲೂ ತಳದಲ್ಲೇ. ಎಳೆದರೆ ಇಡೀ ರಾಶಿ ದಡಬಡನೆ ಉರುಳುತ್ತಿತ್ತು.

“ರೀ, ಮೇಲೆ ನೇತು ಹಾಕೋ ಹಾಗೆ ಏನಾದ್ರೂ ಮಾಡಿಕೊಡಿ” ಎಂದು ಅವಳು ಕೇಳುತ್ತಲೇ ಬಂದಿದ್ದಳು. “ಆಯ್ತು ಕಣೇ, ಈ ಮದುವೆ ಸೀಸನ್ ಮುಗೀಲಿ” ಎಂದು ಅವನೂ ಹೇಳುತ್ತಲೇ ಬಂದಿದ್ದ.

ಕೊನೆಗೊಂದು ರಜೆಯ ದಿನ ಮನಸ್ಸು ಮಾಡಿದ. ಅಂಗಡಿಯ ಹಳೆಯ ಪರದೆಯ ಕಬ್ಬಿಣದ ಸಲಾಕೆ ಮೂಲೆಯಲ್ಲಿ ಬಿದ್ದಿತ್ತು. ಅದರ ತುಕ್ಕು ಉಜ್ಜಿ ಬಣ್ಣ ಬಳಿದ. ಗುಜರಿಯಿಂದ ಎರಡು ತುಂಡು ಸರಪಳಿ ತಂದ. ದಪ್ಪ ತಂತಿಯನ್ನು ಇಕ್ಕಳದಲ್ಲಿ ಬಗ್ಗಿಸಿ ಕೊಕ್ಕೆಗಳನ್ನು ಮಾಡಿದ. ಎಲೆಕ್ಟ್ರಿಷಿಯನ್ನು ಡ್ರಿಲ್ಲಿಂಗ್ ಮೆಷಿನ್ ತಂದು ಸೂರಿಗೆ ತೂತು ಕೊರೆದು ಸರಪಳಿ ಸಿಕ್ಕಿಸಲು ಬಳೆಯಂಥ ಕೊಕ್ಕೆ ಕೂರಿಸಿದ.

“ಅತ್ತಿಗೇನ ಒಂದ್ಸಲ ಕರಿ. ಕೈಗೆ ಸಿಗುತ್ತಾ ನೋಡಿಕೊಂಡು ಸರಪಳಿ ಹಾಕೋಣ” ಎಂದ.

“ಅವಳನ್ನೇನು ಕೇಳೋದು? ಇನ್ನೂ ಮೇಲಕ್ಕೆ ಹಾಕಯ್ಯ. ಇಲ್ಲಾಂದ್ರೆ ನನ್ನ ತಲೆಗೆ ಬಡಿಯುತ್ತೆ.”

ನೀರು ಕುಡಿಯುವುದಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಟೇಪಣ್ಣ ಅಡುಗೆಮನೆಗೆ ಕಾಲಿಡುತ್ತಿದ್ದವನೇ ಅಲ್ಲ.

ಅವಳು ಬಂದು ನೋಡಿ ಹಿಗ್ಗಿದಳು. ಪಾತ್ರೆಗಳನ್ನೆಲ್ಲ ತಿಕ್ಕಿ ಬೆಳಗಿ ಅವನ ಕೈಗೇ ಕೊಟ್ಟು ನೇತು ಹಾಕಿಸಿದಳು. “ಒಂಚೂರು ಕೆಳಗೆ ಬಂದಿದ್ರೆ...” ಎಂದಳು. ಅವನ ಮುಖ ಸಣ್ಣಗಾದದ್ದು ಕಂಡು, “ಪರವಾಗಿಲ್ಲ ಬಿಡಿ, ತುಂಬಾ ಚೆನ್ನಾಗಿದೆ” ಎಂದು ಮಾತು ತೇಲಿಸಿದಳು. ಟೇಪಣ್ಣ ಬಂದವರನ್ನೆಲ್ಲ ಒಳಗೆ ಕರೆದುಕೊಂಡು ಹೋಗಿ ತೋರಿಸುತ್ತಾ ಬೀಗಿದ.

ಕೆಲವು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಗಿರಾಕಿಯ ಭುಜದ ಅಳತೆ ತೆಗೆಯುತ್ತಿದ್ದಾಗ ಒಳಗೆ ಪಾತ್ರೆ ಬಿದ್ದ ಸದ್ದಾಯಿತು. “ಏನೇ ಅದು?” ಎಂದು ಕೂಗಿದ. ಉತ್ತರ ಬರಲಿಲ್ಲ. ತೋಳಿನ ಅಳತೆಯನ್ನೂ ಮುಗಿಸಿಯೇ ಒಳಗೆ ಹೋದ. ಸ್ಟೂಲು ಮಗುಚಿಕೊಂಡಿತ್ತು. ಅವಳು ಬಲಗೈಯನ್ನು ಎದೆಗವಚಿಕೊಂಡು ನೆಲದ ಮೇಲೆ ಕೂತಿದ್ದಳು, ಮುಖ ಬಿಳಿಚಿಕೊಂಡಿತ್ತು.

ಮೊಣಕೈ ಮುರಿದಿತ್ತು. ಆಸ್ಪತ್ರೆಯ ಮೊಗಸಾಲೆಯಲ್ಲಿ ಅವಳ ತಂಗಿ ತಡೆಯಲಾರದೆ ಕೇಳಿಯೇಬಿಟ್ಟಳು: “ಭಾವ, ಅಕ್ಕ ದಿನಾ ಆ ಸ್ಟೂಲ್ ಹತ್ತಿ ಇಳೀತಿದ್ದಳು. ನಿಮಗೆ ಗೊತ್ತೇ ಇರಲಿಲ್ವಾ?”

“ನನಗೆ ಹೇಳಬೇಕಿತ್ತಲ್ಲಮ್ಮ ಅವಳು...”

“ಹೇಳಿದ್ರೆ ನಿಮಗೆ ಬೇಜಾರಾಗುತ್ತೆ ಅಂತಿದ್ದಳು. ಅಷ್ಟು ಆಸೆಯಿಂದ ಮಾಡಿಕೊಟ್ಟಿದ್ದಾರೆ ಅಂತ.”

ಊರವರ ಕತ್ತು, ತೋಳು, ಸೊಂಟವನ್ನೆಲ್ಲ ಬಾಯಿಪಾಠದ ಹಾಗೆ ಒಪ್ಪಿಸಬಲ್ಲ ಟೇಪಣ್ಣನಿಗೆ, ಹೆಂಡತಿ ಕೈ ಎತ್ತಿದರೆ ಎಲ್ಲಿಯವರೆಗೆ ಎಟುಕುತ್ತದೆ ಎಂಬುದೇ ಗೊತ್ತಿರಲಿಲ್ಲ.

ಮನೆಗೆ ಬಂದವನೇ ಸರಪಳಿಗೆ ಇನ್ನಷ್ಟು ಕೊಂಡಿ ಸೇರಿಸಿ ಸಲಾಕೆಯನ್ನು ಕೆಳಗಿಳಿಸಿದ. ಏನು ಬಂತು? ಕಟ್ಟು ಬಿಚ್ಚಿದ ಮೇಲೂ ಆ ಕೈ ಪೂರ್ತಿ ನೆಟ್ಟಗಾಗಲಿಲ್ಲ, ಕೆಳಗಿಳಿಸಿದ ಕೊಕ್ಕೆಗೂ ಎಟುಕಲಿಲ್ಲ. ಸೂಜಿ ಹಿಡಿದರೆ ಬೆರಳು ಜೋಮು ಹಿಡಿಯುತ್ತಿತ್ತು. ಕಾಜದ ಕೆಲಸ ಹೊರಗಿನವರ ಪಾಲಾಯಿತು. ಗಿರಾಕಿಗಳು ಅಂಗಿಯನ್ನು ತಿರುಗಿಸಿ ಕಾಜ ನೋಡಿ, ಮಡಚಿಕೊಂಡು ಹೋಗುತ್ತಿದ್ದರು.

ಈಗ ಅಡುಗೆ ಅವನದೇ. ಅವಳು ಬಾಗಿಲ ಬಳಿ ಕೂತು ಹೇಳಿಕೊಡುತ್ತಾಳೆ. ಒಂದು ದಿನ ಬಾಣಲೆಯನ್ನು ಕೊಕ್ಕೆಯಿಂದ ತೆಗೆದವನು ಅದನ್ನು ಹಿಡಿದುಕೊಂಡೇ ನಿಂತುಬಿಟ್ಟ.

“ಅವತ್ತು ನಿನ್ನನ್ನ ಒಂದು ಮಾತು ಕರೆದು ಕೇಳಬೇಕಿತ್ತು ಕಣೇ.”

“ಹೌದು, ಕೇಳಬೇಕಿತ್ತು” ಎಂದಳು. ಆಮೇಲೆ, “ಒಲೆ ಕಡೆ ನೋಡಿ, ಹಾಲು ಉಕ್ಕುತ್ತೆ” ಎಂದಳು.