ಹರಿದು ಇಳಿದ ಗಂಧ

ಕೊಚ್ಚಿಯ ವೈಟ್ಟಿಲದಲ್ಲಿ ಬಸ್ಸು ಹತ್ತಿದಾಗ ಅಚ್ಯುತನ ಚೀಲದಲ್ಲಿದ್ದದ್ದು ಸ್ಕ್ರೂಡ್ರೈವರ್, ಪೆನ್ಸಿಲ್ ಅಳಿಸುವ ರಬ್ಬರು, ಒಂದು ಸಣ್ಣ ಬ್ರಷ್ಷು. ಇದೇ ಸಾಮಾನು ಹೊತ್ತು ಅವನು ಹಿಂದೆಯೂ ತಿರುವನಂತಪುರಕ್ಕೆ ಹೋದದ್ದುಂಟು. ಆಗೆಲ್ಲ ಗೆಳೆಯ ಕಮಲಾಕ್ಷ ಬಸ್‌ಸ್ಟ್ಯಾಂಡಿಗೆ ಬಂದು ಕಾಯುತ್ತಿದ್ದ. ಓಣಂ ಮುಗಿದ ಮರುವಾರ ಕಚೇರಿಯ ಮೆಟ್ಟಿಲಲ್ಲಿ ಕುಸಿದ ಕಮಲಾಕ್ಷ ಮತ್ತೆ ಏಳಲಿಲ್ಲ. ಈಗ ಅವನ ಕಂಪ್ಯೂಟರೂ ಕಣ್ಣು ಬಿಡುತ್ತಿಲ್ಲವೆಂದು ಅವನ ಹೆಂಡತಿ ಹಂಸಾ ಫೋನು ಮಾಡಿದ್ದಳು.

ಗೆಳೆಯರಿಬ್ಬರೂ ಕಾಸರಗೋಡಿನವರು, ಶಾಲೆಯಲ್ಲಿ ಒಂದೇ ಬೆಂಚು. ಅಚ್ಯುತ ಕೊಚ್ಚಿಯ ಕೋರ್ಟಿನಲ್ಲಿ ಅನುವಾದಕನಾದ. ಕಮಲಾಕ್ಷ ತಿರುವನಂತಪುರದ ಕೇಂದ್ರ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗ ಸೇರಿದ. ತಲೆ ನರೆತ ಮೇಲೆ ಅವನಿಗೆ ಗೇಮಿಂಗ್ ಹುಚ್ಚು ಹಿಡಿಯಿತು. ಬಿಡಿಭಾಗ ಒಂದೊಂದಾಗಿ ತಂದು ಕಂಪ್ಯೂಟರನ್ನು ತಾನೇ ಜೋಡಿಸಿದ. ಆಡುತ್ತಿದ್ದದ್ದು ಮಾತ್ರ ಲಾರಿ ಓಡಿಸುವ ಆಟ. ಸ್ಕೂಟರು ಕೂಡ ಬಾರದ ಮನುಷ್ಯ, ಪರದೆಯಲ್ಲಿ ಯಾವುದೋ ಹಿಮದ ದೇಶದಲ್ಲಿ ಕೆಂಪು ದೀಪ ಕಂಡಲ್ಲೆಲ್ಲ ಲಾರಿ ನಿಲ್ಲಿಸಿ ಕಾಯುತ್ತಿದ್ದ. "ಇದು ಗೇಮಾ, ಡ್ಯೂಟಿಯಾ?" ಎಂದು ಮಗಳು ಶ್ರಾವ್ಯ ಮಲಯಾಳದಲ್ಲಿ ಕೆಣಕಿದರೆ, "ಅರ್ಜೆಂಟ್ ಎಂತಕ್ಕೆ ಮಾರಾಯ್ತಿ? ಲಾರಿ ನಮ್ಮದೇ ಅಲ್ವಾ" ಎನ್ನುತ್ತಿದ್ದ.

ಆಯುಧಪೂಜೆಯಂದು ಅವನು ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ, ಅದನ್ನು ಮಣೆಯ ಮೇಲೆ ಅಡ್ಡ ಮಲಗಿಸಿ, ಒಳಗಿನ ಗ್ರಾಫಿಕ್ಸ್ ಕಾರ್ಡಿಗೇ ಗಂಧದ ಬೊಟ್ಟಿಡುತ್ತಿದ್ದ. ಚಿತ್ರ ತೋರಿಸುವವ ಒಳಗಿರುವಾಗ ಹೊರಗಿನ ಡಬ್ಬಕ್ಕೆ ಪೂಜೆ ಎಂತಕ್ಕೆ ಎಂಬುದು ಅವನ ವಾದ.

ತಿರುವನಂತಪುರದ ಉಳ್ಳೂರಿನ ಮನೆಯಲ್ಲಿ ಹಂಸಾ ಮೇಜಿನತ್ತ ಕೈ ತೋರಿಸಿದಳು.

"ನವರಾತ್ರಿ ಮುಗಿದಾಗಿನಿಂದ ಹೀಗೆ, ಅಚ್ಯುತಣ್ಣ. ಫ್ಯಾನ್ ತಿರುಗ್ತದೆ, ಸ್ಕ್ರೀನ್ ಕಪ್ಪು. ಸರಿ ಆಗದಿದ್ರೆ ನಾಳೆ ಅಂಗಡಿಯವ ಬಂದು ತಕೊಂಡು ಹೋಗ್ತಾನೆ. ಇದನ್ನು ಹೀಗೆ ನೋಡಿಕೊಂಡು ಕೂರ್ಲಿಕ್ಕೆ ನನ್ನಿಂದ ಆಗುದಿಲ್ಲ."

ಅವಳು ಕಾಫಿ ಮಾಡಲು ಒಳಗೆ ಹೋದಳು. ಶ್ರಾವ್ಯ ಬಾಗಿಲಲ್ಲೇ ನಿಂತಿದ್ದಳು. "ಅದು ಚತ್ತೋ, ಮಾಮಾ?" ಎಂದು ಕೇಳಿದಳು. ಸತ್ತಿತೇ ಎಂದು.

"ನೋಡುವ. ಮೊದಲು ಸುಲಭದ್ದು. ನಿನ್ನ ಅಪ್ಪನ ಕಾನೂನು."

ಕಾರ್ಡಿಗೆ ಸಿಕ್ಕಿಸಿದ್ದ ಮಾನಿಟರಿನ ಕೇಬಲನ್ನು ತೆಗೆದು ಮದರ್‌ಬೋರ್ಡಿಗೇ ಹಾಕಿದ. ಚಿತ್ರ ಬಂತು. ಹಾಗಾದರೆ ಮಾನಿಟರಿಗೂ ಕೇಬಲಿಗೂ ಏನೂ ಆಗಿಲ್ಲ. ಕಾರ್ಡು ಇದೆಯೆಂಬುದೇ ಕಂಪ್ಯೂಟರಿಗೆ ತಿಳಿಯುತ್ತಿಲ್ಲ. ಸ್ವಿಚ್ಚು ಆರಿಸಿ, ತಗಡು ಬಿಚ್ಚಿ, ಕಾರ್ಡನ್ನು ಎಳೆದು ತೆಗೆದ.

ಕಾರ್ಡಿನ ಮೇಲಂಚಿನಲ್ಲಿ ದುಂಡಗಿನ, ಒಣಗಿ ಬಿರಿದ ಹಳೆಯ ಬೊಟ್ಟು. ಅದರ ಪಕ್ಕದಲ್ಲಿ ಇನ್ನೊಂದು. ಈ ಎರಡನೆಯದು ನೀರಾಗಿ ಹರಿದು, ಕೆಳಗೆ ಬೋರ್ಡಿಗೆ ಕೂರುವ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಒಣಗಿ ಅಂಟಿತ್ತು. ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಹಬ್ಬವಿಲ್ಲ; ಮತ್ತೆ ಈ ಹೊಸ ಬೊಟ್ಟು ಇಟ್ಟವರು ಯಾರು? ಅಚ್ಯುತ ತಲೆಯೆತ್ತಿದ. ಹುಡುಗಿಯ ಮುಖ ನೋಡಿದ ಮೇಲೆ ಕೇಳುವುದು ಉಳಿಯಲಿಲ್ಲ.

ಅವನು ರಬ್ಬರಿನಿಂದ ಹಲ್ಲುಗಳನ್ನು ಮೆಲ್ಲಗೆ ಉಜ್ಜಿದ, ಬ್ರಷ್ಷಿನಿಂದ ಅದು ಕೂರುವ ಬೋರ್ಡಿನ ಸೀಳು ಗುಡಿಸಿದ. ಬೆನ್ನು ನೋಯುತ್ತಿತ್ತು. ಕಾರ್ಡು ಕೂರಿಸಿ, ಕೇಬಲು ಅದಕ್ಕೇ ಸಿಕ್ಕಿಸಿ ಸ್ವಿಚ್ಚು ಒತ್ತಿದ. ಪರದೆ ಒಂದು ಗಳಿಗೆ ಕಪ್ಪಾಗಿಯೇ ಇದ್ದು, ಬೆಳಗಿತು.

ಕಾಫಿ ಹಿಡಿದು ಬಂದ ಹಂಸಾ ಅಲ್ಲೇ ನಿಂತಳು. "ಎಂತ ಆಗಿತ್ತು ಅಚ್ಯುತಣ್ಣ?"

ಧೂಳು ಎನ್ನಲು ಅವನು ಬಾಯಿ ತೆರೆದಿದ್ದ.

"ನಾನು ಪೂಜೆ ಮಾಡಿದೆ, ಅಮ್ಮ," ಎಂದಳು ಶ್ರಾವ್ಯ. ಮನೆಯಲ್ಲಿ ಎಂದೂ ಕನ್ನಡದಲ್ಲಿ ಉತ್ತರ ಕೊಡದವಳು. "ನೀನು ಬ್ಯಾಂಕಿಗೆ ಹೋದಾಗ. ಅಪ್ಪ ತಪ್ಪಿಸುತ್ತಿರಲಿಲ್ಲ ಅಲ್ವಾ, ಒಂದು ವರ್ಷವೂ. ಮಾಡಬಾರದಿತ್ತು. ಅದಕ್ಕೇ ಹಾಳಾಯ್ತು."

ಹಂಸಾ ಲೋಟ ಕೆಳಗಿಟ್ಟು ಬಗ್ಗಿ ಒಳಗೆ ನೋಡಿದಳು.

"ಗಂಧ ಇಷ್ಟು ನೀರು ಮಾಡುದಾ, ಪೆದ್ದಿ?" ಎಂದಳು. "ಅವರು ಗಟ್ಟಿ ತೇಯ್ತಿದ್ರು. ನನ್ನ ಹತ್ರ ಕೇಳಿದ್ರೆ ನಾನೇ ತೇಯ್ದು ಕೊಡ್ತಿದ್ದೆ." ಆಮೇಲೆ ಅಚ್ಯುತನಿಗೆ, "ಆ ಹಳೇದು ಅವರದ್ದು. ಒರೆಸ್ಬೇಡಿ."

"ಇಲ್ಲ," ಎಂದ ಅಚ್ಯುತ.

ನಾಳೆ ಬರುವುದು ಬೇಡವೆಂದು ಅವಳು ಅಂಗಡಿಯವನಿಗೆ ಫೋನು ಮಾಡುತ್ತಿರುವಾಗ ಅವನು ತಗಡು ಮುಚ್ಚಿದ. ಒಂದು ಸ್ಕ್ರೂ ಎಷ್ಟು ತಿರುಗಿಸಿದರೂ ಹಿಡಿಯಲಿಲ್ಲ. ಕಮಲಾಕ್ಷನ ಕೈಗೂ ಅದು ಹಿಡಿಯುತ್ತಿರಲಿಲ್ಲ. ಸಡಿಲವಾಗಿಯೇ ಬಿಟ್ಟು, ಆರಿದ ಕಾಫಿ ಕುಡಿದ.