ಖಾಲಿ ಎಣಿಕೆ

ಸಕಲೇಶಪುರದ ಕಂಪ್ಯೂಟರ್ ಕ್ಲಾಸಿಗೆ ನಾನು ಕುಂದೂರಿನಿಂದ ಬಸ್ಸು ಬದಲಾಯಿಸಿ, ನಿಂತುಕೊಂಡೇ ಬರುತ್ತಿದ್ದೆ. ಜೊತೆಗೆ ಕಲಿಯುತ್ತಿದ್ದ ಇನ್ನೊಬ್ಬಳು ವನಗೂರಿನ ಕಾಫಿ ಎಸ್ಟೇಟಿನಿಂದ ಅಪ್ಪನ ಜೀಪಿನಲ್ಲಿ ಬಂದಿಳಿಯುತ್ತಿದ್ದಳು. ಮನೆಯಲ್ಲಿ ಅವಳಿಗೇ ಅಂತ ಒಂದು ಕಂಪ್ಯೂಟರು ಬೇರೆ. ನನಗೆ ಕ್ಲಾಸಿನ ಹಳೇ ಯಂತ್ರವೇ ಗತಿ, ಅದೂ ಸರದಿ ಬಂದಾಗ. ಅವಳನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು.

ಕ್ಲಾಸಿಗೆ ಹೊಸ ಕಂಪ್ಯೂಟರು ಬರುವುದಿತ್ತು. ಅದನ್ನು ಶುರು ಮಾಡುವ ದಿನ ಪರದೆಯ ಮೇಲೆ ‘ವೆಲ್‌ಕಮ್’ ಅಂತ ಒಂದೊಂದೇ ಅಕ್ಷರ, ನಡುವೆ ಸ್ವಲ್ಪ ತಡೆದು ತಡೆದು ಮೂಡಬೇಕು ಎಂದರು ನಮ್ಮ ಸರ್. ಚೆನ್ನಾಗಿ ಮಾಡಿದವರಿಗೆ ಅಲ್ಲೇ ಕಲಿಸುವ ಕೆಲಸ. ಅದು ನನಗೆ ಬೇಕೇ ಬೇಕಿತ್ತು. ಸಿಗದಿದ್ದರೆ ಮನೆಯಲ್ಲಿ ಮದುವೆಯ ಮಾತು ತಯಾರಾಗಿ ಕೂತಿತ್ತು.

ತಡೆಯಲು ಕ್ಲಾಸಿನಲ್ಲಿ ಕಲಿಸಿದ್ದು ಒಂದೇ ಉಪಾಯ: ಒಂದು ಅಕ್ಷರ ಬಂದಮೇಲೆ ಸುಮ್ಮನೆ ಸಾವಿರಗಟ್ಟಲೆ ಎಣಿಸು ಅಂತ ಯಂತ್ರಕ್ಕೆ ಹೇಳುವುದು. ಅದು ಎಣಿಸಿ ಮುಗಿಸುವಷ್ಟು ಹೊತ್ತು ಬಿಡುವು. ಎಣಿಕೆ ಹೆಚ್ಚು ಮಾಡಿ, ಕಡಿಮೆ ಮಾಡಿ, ಕಣ್ಣಿಗೆ ಹಿತವಾಗುವವರೆಗೂ ವಾರಗಟ್ಟಲೆ ಕೂತೆ. ಅವಳು ‘ಡಿಲೇ’ ಎಂಬ ಒಂದು ಪದ ಬರೆದು, ಪಕ್ಕದಲ್ಲಿ ಎಷ್ಟು ಹೊತ್ತು ಅಂತ ಹಾಕಿ, ಕಾಫಿ ಕುಡಿಯಲು ಎದ್ದು ಹೋದಳು. ಸೋಮಾರಿ, ಅನುಭವಿಸಲಿ ಅಂದುಕೊಂಡೆ.

ಆ ದಿನ ಹೊಸ ಯಂತ್ರದ ಮುಂದೆ ಊರಿನ ದೊಡ್ಡವರೆಲ್ಲ ಕೂತಿದ್ದರು. ನನ್ನದನ್ನು ಓಡಿಸಿದರೆ ಅಕ್ಷರಗಳೆಲ್ಲ ಒಟ್ಟಿಗೇ ದಬದಬ ಬಂದು ಬಿದ್ದವು. ನನ್ನ ಅಷ್ಟೂ ಎಣಿಕೆಯನ್ನು ಹಳೆಯದಕ್ಕಿಂತ ಎಷ್ಟೋ ವೇಗದ ಆ ಹಾಳು ಯಂತ್ರ ಕಣ್ಣು ಮಿಟುಕಿಸುವುದರೊಳಗೆ ಮುಗಿಸಿಬಿಟ್ಟಿತ್ತು. ಅವಳ ಡಿಲೇಗೆ ಎಣಿಕೆಯ ಹಂಗಿಲ್ಲ, ಅದು ಗಡಿಯಾರ ನೋಡಿ ನಿಲ್ಲುವಂಥದ್ದು. ಹಳೆಯದರಲ್ಲಿ ಹೇಗೋ ಹೊಸದರಲ್ಲೂ ಹಾಗೇ ನಿಧಾನವಾಗಿ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು.

“ಏನಮ್ಮ, ಅಷ್ಟು ಅವಸ್ರ ಯಾಕೆ ನಿಂದು?” ಎಂದು ಸರ್ ನಕ್ಕರು.

ಆದರೆ ಮುಂದಿನ ವಾರ, ಕೆಲಸಕ್ಕೆ ನೀನೇ ಬಾ ಎಂದರು. ಅದು ಹೇಗೆ ಅಂತ ಅವಳೇ ಬಾಗಿಲಲ್ಲಿ ನಿಂತು ಹೇಳಿದಳು.

“ನಮ್ಮಪ್ಪ ಬ್ಯಾಡ ಅಂದ್ಬುಟ್ರು ಕಣೆ. ಎಸ್ಟೇಟ್ ಓನರ್ ಮಗ್ಳು ಸಂಬ್ಳಕ್ಕೆ ನಿಂತ್ರೆ ಮರ್ಯಾದೆ ಹೋಯ್ತದಂತೆ. ನಿನ್ನ ಕಂಡ್ರೆ ಹೊಟ್ಟೆ ಉರೀತೈತೆ ನಂಗೆ.”

ಹೊರಗೆ ಜೀಪಿನ ಹಾರ್ನ್ ಕೇಳಿತು; ಹೋದಳು. ಪಾಪ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಅಷ್ಟು ದಿನ ನನ್ನ ಗಂಟಲು ದಾಟದ ಮಾತನ್ನು ಎಷ್ಟು ಸಲೀಸಾಗಿ ಆಡಿ ಹೋದಳಲ್ಲ ಎಂದು, ಬಸ್ಸಿನಲ್ಲಿ ನಿಂತು ಕುಂದೂರು ಮುಟ್ಟುವವರೆಗೂ ಅದಕ್ಕೂ ಹೊಟ್ಟೆಕಿಚ್ಚುಪಟ್ಟೆ.